ವಿನ್ಯಾಸಕ್ಕೆ ಅಂಕ ಕೊಡುವುದು ಹೇಗೆ?

ತರಗತಿ: ದ್ವಿತೀಯ ಪಿಯುಸಿ, ಗಣಕ ವಿಜ್ಞಾನ
ಉದ್ದೇಶ: ಒಂದೇ ತಂತ್ರಾಂಶದ ಎರಡು ವಿನ್ಯಾಸಗಳ ಗುಣಮಟ್ಟವನ್ನು ವಿದ್ಯಾರ್ಥಿಗಳು ಅಳೆದು ಹೋಲಿಸುವರು.

ಪೀಠಿಕೆ
ಚಿತ್ರ ಅಂದವಾಗಿದ್ದರೆ ಹೆಚ್ಚು ಅಂಕ ಕೊಟ್ಟುಬಿಡುವುದು ಸುಲಭ. ಆದರೆ 'ನನಗೇಕೆ ಕಡಿಮೆ?' ಎಂದು ಕೇಳುವ ವಿದ್ಯಾರ್ಥಿಗೆ ಕಾರಣ ಹೇಳಲು ಅಳತೆಗೋಲು ಬೇಕು. ಈ ಪಾಠವನ್ನು ನಾನು ಆರಿಸಿಕೊಂಡದ್ದು ಅದಕ್ಕಾಗಿ.

ಬೋಧನಾ ಹಂತಗಳು
1. ಶಾಲಾ ಗ್ರಂಥಾಲಯದ ತಂತ್ರಾಂಶಕ್ಕೆ ಎರಡು ವಿನ್ಯಾಸಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. 'ಅ' ವಿನ್ಯಾಸದಲ್ಲಿ ವಿತರಣೆ, ವಾಪಸಾತಿ, ವರದಿ ಎಂಬ ಮೂರು ಮಾಡ್ಯೂಲುಗಳು ಪುಸ್ತಕ ಪಟ್ಟಿಯನ್ನು ಅವಲಂಬಿಸಿವೆ. ದಂಡದ ಲೆಕ್ಕವನ್ನು ಮೂರೂ ತಾವೇ ಮಾಡುತ್ತವೆ. 'ಆ' ವಿನ್ಯಾಸದಲ್ಲಿ ದಂಡಕ್ಕೆ ಪ್ರತ್ಯೇಕ ಮಾಡ್ಯೂಲ್ ಇದ್ದು, ಆ ಮೂರೂ ಅದನ್ನು ಕೇಳುತ್ತವೆ.

2. ಅವಲಂಬನೆಯ ಬಾಣಗಳನ್ನು ಎಣಿಸಲು ಹೇಳಿದೆ. 'ಅ'ದಲ್ಲಿ 3, 'ಆ'ದಲ್ಲಿ 6. ತರಗತಿ 'ಅ'ವನ್ನೇ ಮೆಚ್ಚಿತು. ಆಗ ಒಬ್ಬಳು ಕೇಳಿದಳು: "ಎಲ್ಲವನ್ನೂ ಒಂದೇ ಮಾಡ್ಯೂಲಿಗೆ ತುಂಬಿದರೆ ಬಾಣ ಸೊನ್ನೆ. ಅದೇ ಎಲ್ಲಕ್ಕಿಂತ ಒಳ್ಳೆಯದಾ, ಸರ್?" ಬರೀ ಎಣಿಕೆ ಸಾಲದೆಂಬುದು ಇದರಿಂದ ಸ್ಪಷ್ಟವಾಯಿತು.

3. ಈಗ ಬದಲಾವಣೆಯ ಸನ್ನಿವೇಶ ಕೊಟ್ಟೆ. ದಿನದ ದಂಡ 1 ರೂಪಾಯಿಯಿಂದ 2 ರೂಪಾಯಿ ಆದರೆ ಎಷ್ಟು ಮಾಡ್ಯೂಲು ತಿದ್ದಬೇಕು? 'ಅ'ದಲ್ಲಿ 3, 'ಆ'ದಲ್ಲಿ 1. ವಿದ್ಯಾರ್ಥಿಗೂ ಶಿಕ್ಷಕರಿಗೂ ಬೇರೆ ಬೇರೆ ದಂಡವಾದರೆ? 'ಆ'ದಲ್ಲಿ ದಂಡದ ಮಾಡ್ಯೂಲಿನ ಜೊತೆಗೆ, ಸದಸ್ಯರು ಯಾರೆಂದು ತಿಳಿಸಲು ಕೇಳುವ ಮೂರನ್ನೂ ತಿದ್ದಬೇಕಾಗಿ ಒಟ್ಟು 4. 'ಅ'ದಲ್ಲಿ 3 ಮಾತ್ರ.

4. ಯಾವ ಬದಲಾವಣೆ ಹೆಚ್ಚು ಸಂಭವನೀಯ? ಅದನ್ನು ಹೇಳಬಲ್ಲವರು ಗ್ರಂಥಪಾಲಕರು. ಹಾಗಾಗಿ ಅವರನ್ನು ಕೇಳಿ ಬರುವುದನ್ನೇ ಮನೆಗೆಲಸವಾಗಿ ಕೊಟ್ಟೆ.

ವಿಷಯದ ಹಿನ್ನೆಲೆ
ಡೇವಿಡ್ ಪಾರ್ನಾಸ್ 1972ರ ಲೇಖನದಲ್ಲಿ ಒಂದೇ ಪ್ರೋಗ್ರಾಮಿನ ಎರಡು ವಿಭಜನೆಗಳನ್ನು ಹೀಗೆಯೇ ಹೋಲಿಸಿದ್ದರು: ಒಂದು ನಿರ್ಧಾರ ಬದಲಾದರೆ ಎಷ್ಟು ಮಾಡ್ಯೂಲುಗಳಿಗೆ ತಟ್ಟುತ್ತದೆ? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ 'ಎಟಿಎಎಂ' ವಿಧಾನದಲ್ಲಿ ಬಳಕೆದಾರರೂ ಸೇರಿದಂತೆ ಸಂಬಂಧಪಟ್ಟವರೆಲ್ಲ ಕೂಡಿ ಸನ್ನಿವೇಶಗಳನ್ನು ಪಟ್ಟಿಮಾಡಿ, ಮತ ಹಾಕಿ ಆದ್ಯತೆ ಗೊತ್ತುಮಾಡುತ್ತಾರೆ. ವೇಗ, ಭದ್ರತೆ ಮುಂತಾದ ಗುಣಗಳನ್ನೂ ಅದೇ ರೀತಿ ಪರೀಕ್ಷಿಸುತ್ತಾರೆ.

ಮೌಲ್ಯಮಾಪನ
10 ಅಂಕಗಳನ್ನು ಹೀಗೆ ಹಂಚಿದೆ: ಸನ್ನಿವೇಶವನ್ನು ಖಚಿತವಾಗಿ ಬರೆದದ್ದಕ್ಕೆ 3, ತಟ್ಟುವ ಮಾಡ್ಯೂಲುಗಳನ್ನು ಗುರುತಿಸಿದ್ದಕ್ಕೆ 4, ಆಯ್ಕೆಗೆ ಕೊಟ್ಟ ಕಾರಣಕ್ಕೆ 3. 'ಅ'ವನ್ನು ಆರಿಸಿದವರಿಗೂ 'ಆ'ವನ್ನು ಆರಿಸಿದವರಿಗೂ ಪೂರ್ಣ ಅಂಕ ಸಾಧ್ಯ. ಚಿತ್ರದ ಅಂದಕ್ಕೆ ಅಂಕವಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ
ಈ ಪಾಠ ಮಾಡುವವರು ಎರಡನೆಯ ಸನ್ನಿವೇಶವನ್ನು ಬಿಡಬೇಡಿ. ಅದನ್ನು ಬಿಟ್ಟರೆ 'ಆ' ವಿನ್ಯಾಸವೇ ಯಾವಾಗಲೂ ಸರಿ ಎಂದು ಮಕ್ಕಳು ಬಾಯಿಪಾಠ ಮಾಡಿಬಿಡುತ್ತಾರೆ.