ಒಂದೇ ಮೀಟರಿನ ವಠಾರ: ಬಿಲ್ಲಿನ ಲೆಕ್ಕವನ್ನು ನೋಡುವ ಬಗೆ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಇಂದು ಅದಿಲ್ಲದ ಮನೆಯೇ ಅಪರೂಪ. ಆದರೆ ದೀಪ ಹಚ್ಚಬಲ್ಲ ನಮ್ಮಲ್ಲಿ ಅದರ ಬಿಲ್ಲನ್ನು ಓದಬಲ್ಲವರು ಎಷ್ಟು ಮಂದಿ? ಕಾರ್ಖಾನೆಗಳು ಬಂದಂತೆ ಹೊಸೂರಿನಲ್ಲಿ ಬಾಡಿಗೆಯ ವಠಾರಗಳೂ ಹೆಚ್ಚಿದವು. ಕೆಲವು ವಠಾರಗಳಲ್ಲಿ ವಿದ್ಯುತ್ ನಿಗಮದ ಮೀಟರು ಒಂದೇ. ಒಳಗಿನ ಮನೆಗಳಿಗೆ ಮಾಲೀಕರೇ ಸಬ್ ಮೀಟರುಗಳನ್ನಿಟ್ಟು ಹಣ ಪಡೆಯುತ್ತಾರೆ. ಅಂಥಲ್ಲಿ ಲೆಕ್ಕ ನೋಡುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಯೂನಿಟ್ಟು. 100 ವಾಟಿನ ದೀಪವು 10 ಗಂಟೆ ಉರಿದರೆ ಒಂದು ಯೂನಿಟ್ಟು. 1000 ವಾಟಿನ ಹೀಟರಿಗೆ ಒಂದು ಗಂಟೆಯೇ ಸಾಕು. ಮೀಟರಿನ ಈಗಿನ ಅಂಕಿಯಿಂದ ಹಿಂದಿನ ಅಂಕಿಯನ್ನು ಕಳೆದರೆ ಬಳಸಿದ ಯೂನಿಟ್ಟುಗಳು ದೊರೆಯುತ್ತವೆ.

ಎರಡನೆಯದು ಮೆಟ್ಟಿಲು ದರ. ತಮಿಳುನಾಡಿನಲ್ಲಿ ಮನೆಯ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ಮೊದಲ 100 ಯೂನಿಟ್ಟುಗಳಿಗೆ ಹಣವಿಲ್ಲ. 2022ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ದರದಂತೆ 101ರಿಂದ 200ರವರೆಗೆ ಯೂನಿಟ್ಟಿಗೆ 2.25 ರೂಪಾಯಿ. ಆದರೆ ಒಟ್ಟು ಬಳಕೆ 500ನ್ನು ಮೀರಿದರೆ 101ರಿಂದ 400ರವರೆಗೆ 4.50, ಮುಂದಿನ ನೂರಕ್ಕೆ 6, ಅದರ ಮುಂದಿನ ನೂರಕ್ಕೆ 8 ರೂಪಾಯಿ. ಆ ಬಳಿಕ ದರಗಳು ಬದಲಾಗಿವೆ. ಲೆಕ್ಕದ ರೀತಿಯನ್ನು ತಿಳಿಯಲು ಇವು ಸಾಕು.

ನಾಲ್ಕು ಮನೆಗಳು ತಲಾ 150 ಯೂನಿಟ್ಟು ಬಳಸಿದವೆನ್ನೋಣ. ಮೀಟರುಗಳು ಬೇರೆ ಬೇರೆಯಾಗಿದ್ದರೆ ಪ್ರತಿ ಮನೆಯೂ 50 ಯೂನಿಟ್ಟಿಗೆ ಮಾತ್ರ, ಅಂದರೆ 112.50 ರೂಪಾಯಿ ತೆರಬೇಕು. ನಾಲ್ಕೂ ಸೇರಿ 450 ರೂಪಾಯಿ. ಮೀಟರು ಒಂದೇ ಆದರೆ ಒಟ್ಟು 600 ಯೂನಿಟ್ಟು: 1350, 600 ಮತ್ತು 800 ಕೂಡಿ 2750 ರೂಪಾಯಿ. ಮನೆಯೊಂದಕ್ಕೆ 687.50, ಸರಾಸರಿ ಯೂನಿಟ್ಟಿಗೆ ಸುಮಾರು 4.58. ಬಳಕೆ ಅಷ್ಟೇ, ವೆಚ್ಚ ಆರು ಪಟ್ಟು! ಇದು ಮಾಲೀಕರ ದೋಷವಲ್ಲ, ಮೆಟ್ಟಿಲು ದರದ ಫಲ. ಆದರೆ ಅವರು ಯೂನಿಟ್ಟಿಗೆ 8 ರೂಪಾಯಿಯಂತೆ ಪಡೆದರೆ 4800 ರೂಪಾಯಿ ಕೂಡುತ್ತದೆ. ಬಿಲ್ಲಿಗಿಂತ 2050 ರೂಪಾಯಿ ಹೆಚ್ಚು. ಈ ಹೆಚ್ಚುವರಿಗೆ ವಿವರಣೆ ಕೇಳುವುದು ನ್ಯಾಯವೇ ಸರಿ.

ಪರೀಕ್ಷಿಸುವ ಕ್ರಮ ಹೀಗಿದೆ:

1. ಮೂಲ ಬಿಲ್ಲನ್ನು ವಿನಯದಿಂದ ಕೇಳಿ ನೋಡಬೇಕು. ಒಟ್ಟು ಹಣವನ್ನು ಒಟ್ಟು ಯೂನಿಟ್ಟುಗಳಿಂದ ಭಾಗಿಸಿದರೆ ನಿಜವಾದ ಸರಾಸರಿ ದರ ತಿಳಿಯುತ್ತದೆ.

2. ಮೂಲ ಮೀಟರನ್ನೂ ಎಲ್ಲ ಸಬ್ ಮೀಟರುಗಳನ್ನೂ ಒಂದೇ ದಿನ ಓದಬೇಕು. ಸಬ್ ಮೀಟರುಗಳ ಮೊತ್ತವು ಮೂಲಕ್ಕಿಂತ ತುಸು ಕಡಿಮೆಯಿದ್ದರೆ, ಆ ವ್ಯತ್ಯಾಸ ನೀರಿನ ಪಂಪು, ಮೆಟ್ಟಿಲಿನ ದೀಪಗಳದು; ಅದನ್ನು ಎಲ್ಲರೂ ಹಂಚಿಕೊಳ್ಳಬೇಕು. ಮೊತ್ತವು ಮೂಲಕ್ಕಿಂತ ಗಣನೀಯವಾಗಿ ಹೆಚ್ಚಾದರೆ ಎಲ್ಲೋ ತಪ್ಪಿದೆ.

3. ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿದ ಮೇಲೆಯೂ ಸಬ್ ಮೀಟರು ಓಡುತ್ತಿದ್ದರೆ, ಬೇರೊಂದು ತಂತಿ ಅದಕ್ಕೆ ಸೇರಿರಬಹುದು. ವಿದ್ಯುತ್ ಕೆಲಸ ಬಲ್ಲವರಿಂದಲೇ ನೋಡಿಸಬೇಕು. ಮಕ್ಕಳು ತಂತಿಯನ್ನು ಮುಟ್ಟಲಾಗದು.

ಸಾಧ್ಯವಿದ್ದಲ್ಲಿ ಮನೆಗೊಂದು ಪ್ರತ್ಯೇಕ ಸಂಪರ್ಕ ಪಡೆಯುವುದೇ ಉತ್ತಮ ಪರಿಹಾರ. ಮೇಲಿನ ಲೆಕ್ಕವನ್ನು ಮುಂದಿಟ್ಟರೆ ಮಾಲೀಕರಿಗೂ ಬಾಡಿಗೆದಾರರಿಗೂ ಅದರ ಲಾಭ ಮನದಟ್ಟಾದೀತು.

ವಿದ್ಯಾರ್ಥಿಗಳೇ, ಪ್ರತಿ ಭಾನುವಾರ ಮೀಟರಿನ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಕಳೆಯುವುದೂ ಭಾಗಿಸುವುದೂ ಪರೀಕ್ಷೆಯ ಅಂಕಗಳಿಗೆ ಮಾತ್ರವಲ್ಲ. ತಂದೆತಾಯಿಯರು ದುಡಿದ ಹಣವನ್ನು ಕಾಯುವುದಕ್ಕೂ ಅವು ಬೇಕು.