ಗಾಳಿಗೆ ತೂರಿದ ವಿಷ

ರಾಣೆಬೆನ್ನೂರು ತಾಲ್ಲೂಕಿನ ಐರಣಿ ತುಂಗಭದ್ರೆಯ ದಡದಲ್ಲಿರುವ ಊರು. ಹಿಂದೆ ಇಂಥ ಊರುಗಳಲ್ಲಿ ಸುಗ್ಗಿ ಬಂದಿತೆಂದರೆ ರೈತರು ಕಣದಲ್ಲಿ ನಿಂತು ಜೋಳವನ್ನು ಗಾಳಿಗೆ ತೂರುತ್ತಿದ್ದರು. ತೂಕದ ಕಾಳು ಕಾಲ ಬಳಿಯೇ ಬೀಳುತ್ತಿತ್ತು. ಹೊಟ್ಟು ತುಸು ದೂರ ಸರಿಯುತ್ತಿತ್ತು. ನವಿರಾದ ಧೂಳು ಎಲ್ಲಿಗೆ ಹೋಯಿತೆಂಬುದು ಮಾತ್ರ ಕಾಣುತ್ತಿರಲಿಲ್ಲ. ಅಣುಸ್ಥಾವರದಲ್ಲಿ ಘೋರ ಅಪಘಾತ ಸಂಭವಿಸಿದಾಗ ವಿಕಿರಣಶೀಲ ವಸ್ತುಗಳು ಹರಡುವ ರೀತಿಯೂ ಬಹುಮಟ್ಟಿಗೆ ಇದೇ.

ಯುರೇನಿಯಂ ಪರಮಾಣು ಸೀಳಿದಾಗ ಶಾಖದೊಡನೆ ಹಲವು ವಿಕಿರಣಶೀಲ ಧಾತುಗಳೂ ಹುಟ್ಟುತ್ತವೆ. ಸ್ಥಾವರವನ್ನು ನಿಲ್ಲಿಸಿದ ಬಳಿಕವೂ ಇವುಗಳ ಶಾಖ ಒಡನೆಯೇ ಅಡಗದು. ತಣಿಸುವ ನೀರು ತಪ್ಪಿದರೆ ಇಂಧನವೇ ಕರಗತೊಡಗುತ್ತದೆ. ಆಗ ಮೊದಲು ಹೊರಬೀಳುವವು ಕ್ಸೆನಾನ್, ಕ್ರಿಪ್ಟಾನ್ ಅನಿಲಗಳು. ಅವು ಗಾಳಿಯಲ್ಲಿ ಚದುರಿಹೋಗುತ್ತವೆ. ಅಯೋಡಿನ್, ಸೀಸಿಯಂಗಳು ಆವಿಯಾಗಿ, ತಣಿದು ನವಿರಾದ ಕಣಗಳೊಡಗೂಡಿ ದೂರ ಸಾಗುತ್ತವೆ, ಮಳೆಯೊಡನೆ ನೆಲಕ್ಕಿಳಿಯುತ್ತವೆ. ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಗುವಿಗೆ ಸೇರಿದ ಅಯೋಡಿನ್ ಕೊರಳಿನ ಥೈರಾಯಿಡ್ ಗ್ರಂಥಿಯಲ್ಲಿ ನೆಲೆಸುತ್ತದೆ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ; ಸೀಸಿಯಂ-137ರದು ಸುಮಾರು 30 ವರ್ಷ. ಭಾರವಾದ ಇಂಧನದ ಚೂರುಗಳಾದರೋ ಕಾಳಿನಂತೆ ಸ್ಥಾವರದ ಆಸುಪಾಸಿನಲ್ಲಿಯೇ ಬೀಳುತ್ತವೆ.

ಈ ವಿಷಕ್ಕೆ ಕಟ್ಟಕಡೆಯ ತಡೆಯೆಂದರೆ ಸ್ಥಾವರವನ್ನು ಕವಿದ ಕಾಂಕ್ರೀಟಿನ ಆವರಣ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡಿನಲ್ಲಿ ಇಂಧನದ ಸುಮಾರು ಅರ್ಧಭಾಗ ಕರಗಿತು. ಆದರೂ ಅಯೋಡಿನ್ನಿನ ಬಹುಪಾಲು ನೀರಿನಲ್ಲಿ ಬೆರೆತು ಆವರಣದೊಳಗೇ ಉಳಿಯಿತು. 1986ರ ಏಪ್ರಿಲ್ 26ರಂದು ಸಿಡಿದ ಚೆರ್ನೋಬಿಲ್ ಸ್ಥಾವರಕ್ಕೆ ಅಂಥ ಪೂರ್ಣ ಆವರಣವಿರಲಿಲ್ಲ. ಎರಡೇ ದಿನಗಳಲ್ಲಿ ಅದರ ವಿಕಿರಣ ಸಾವಿರ ಕಿಲೋಮೀಟರಿಗೂ ಆಚೆಯ ಸ್ವೀಡನ್ನಿನಲ್ಲಿ ಪತ್ತೆಯಾಯಿತು. ಕಲುಷಿತ ಹಾಲು ಕುಡಿದ ಎಷ್ಟೋ ಮಕ್ಕಳು ಮುಂದೆ ಥೈರಾಯಿಡ್ ಕ್ಯಾನ್ಸರಿಗೆ ತುತ್ತಾದರು.

ಕನ್ನಡನಾಡಿಗೂ ಒಂದು ಎಚ್ಚರಿಕೆ ದೊರೆಯಿತು. 1994ರ ಮೇ 13ರಂದು, ಕಾಳಿ ನದಿಯ ತೀರದ ಕೈಗಾದಲ್ಲಿ ಕಟ್ಟುತ್ತಿದ್ದ ಮೊದಲನೆಯ ಘಟಕದ ಒಳಗುಮ್ಮಟದಿಂದ ಕಾಂಕ್ರೀಟಿನ ಪದರ ಕಳಚಿಬಿದ್ದಿತು. ಇಂಧನ ತುಂಬುವ ಮೊದಲೇ ಹೀಗಾದುದರಿಂದ ವಿಕಿರಣ ಸೋರುವ ಪ್ರಶ್ನೆಯೇ ಏಳಲಿಲ್ಲ. ವಿನ್ಯಾಸವನ್ನು ತಿದ್ದಿ ಗುಮ್ಮಟವನ್ನು ಮರಳಿ ಕಟ್ಟಿದರು. 2000ದಲ್ಲಿ ಅಲ್ಲಿಂದ ವಿದ್ಯುತ್ತು ಹರಿಯಿತು.

ಕಣದಾಚೆ ಬಿದ್ದ ಹೊಟ್ಟನ್ನು ಗುಡಿಸಿ ತರಬಹುದು. ಗಾಳಿಗೆ ತೂರಿದ ವಿಷವನ್ನು ಮರಳಿ ತರಲಾಗದು. ಆದುದರಿಂದ ಗೋಡೆ ಕಟ್ಟುವವನ ಪ್ರಾಮಾಣಿಕತೆಯೂ ಅದನ್ನು ಪರೀಕ್ಷಿಸುವವನ ನಿಷ್ಠುರತೆಯೂ ದೂರದ ಊರಿನ ಮಗುವೊಂದರ ಹಾಲಿನ ಬಟ್ಟಲನ್ನು ಕಾಯುತ್ತವೆ.

ಅಭ್ಯಾಸ
1. ಕಾಳು, ಹೊಟ್ಟು, ಧೂಳಿನ ಹೋಲಿಕೆಯನ್ನು ವಿವರಿಸಿರಿ.
2. ಕೈಗಾದ ಘಟನೆಯನ್ನು ಎಚ್ಚರಿಕೆ ಎಂದು ಕರೆದಿರುವುದೇಕೆ?