ಗೇರುಹಣ್ಣಿನ ಕಾಲಕ್ಕೊಂದು ಕಿವಿಮಾತು

ತಮ್ಮಾ, ಬೀಜ ಕಿತ್ತ ಮೇಲೆ ಗುಡ್ಡದ ತುಂಬ ಗೇರುಹಣ್ಣು ಕೊಳೆಯುವುದನ್ನು ಕಂಡರೆ ನನಗೂ ಹೊಟ್ಟೆ ಉರಿಯುತ್ತದೆ. ಡ್ರಮ್ಮಿನಲ್ಲಿ ಕೊಳೆ ಹಾಕಿ ಮನೆಮಟ್ಟಿಗೆ ಒಂದೆರಡು ಬಾಟಲಿ ಸಾರಾಯಿ ಇಳಿಸಬೇಕೆಂದಿದ್ದೀಯಂತೆ. ಬೇಡಪ್ಪಾ.

‘ನಮ್ಮ ಹಣ್ಣು, ನಮ್ಮ ಒಲೆ, ಕುಡಿಯುವುದೂ ನಾವೇ’ ಎಂಬ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ತಯಾರಿಸುವುದೇ ಅಪರಾಧ. ಮಾರಿದೆಯೋ ಇಲ್ಲವೋ ಆಮೇಲಿನ ಮಾತು. ತಾನಾಗಿ ಹುಳಿ ಬರುವುದನ್ನೂ ಕಾಯ್ದೆ ತಯಾರಿಕೆ ಎಂದೇ ಎಣಿಸುತ್ತದೆ. ಭಟ್ಟಿಗೆಂದು ಇಟ್ಟ ಹಂಡೆ, ಕೊಳವೆ ಸಿಕ್ಕರೂ ಕೇಸು. ಬಾಟಲಿ ಸಾಗಿಸಿದ ಬೈಕೂ ಮುಟ್ಟುಗೋಲಾಗಬಹುದು.

ಗೋವಾದವರು ಗೇರುಹಣ್ಣಿನ ಫೆನ್ನಿ ಇಳಿಸುವುದಿಲ್ಲವೇ ಎನ್ನುತ್ತೀಯ. ಇಳಿಸುತ್ತಾರೆ, ಅಲ್ಲಿನ ಸರ್ಕಾರದ ಲೈಸೆನ್ಸ್ ಪಡೆದು. ಮದ್ಯ ರಾಜ್ಯಗಳ ಕೈಯಲ್ಲಿರುವ ವಿಷಯ. ಕಾರವಾರ ದಾಟಿ ಗಡಿಯಾಚೆ ಹೋದರೆ ಕಾನೂನೇ ಬೇರೆ. ನಮ್ಮಲ್ಲಿ 2007ರ ಜುಲೈಯಿಂದ ಅಂಗಡಿಯ ಸಾರಾಯಿಯೂ ಬಂದ್ ಆಗಿದೆ.

ಸರ್ಕಾರಕ್ಕೆ ತೆರಿಗೆಯ ಚಿಂತೆ ಇದ್ದೇ ಇದೆ. ಮದ್ಯವನ್ನು ಜಿಎಸ್‌ಟಿಯಿಂದ ಹೊರಗಿಟ್ಟು ರಾಜ್ಯಗಳು ತಮ್ಮಲ್ಲೇ ಉಳಿಸಿಕೊಂಡದ್ದು ಸುಮ್ಮನೆ ಅಲ್ಲ. ಆದರೆ ಈ ಕಾನೂನು ಸರಿಯೆಂದು ನನ್ನನ್ನು ಒಪ್ಪಿಸಿದ ಕಾರಣ ಅದಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿಗೆ 300ಕ್ಕೂ ಹೆಚ್ಚು ಜನ ಬಲಿಯಾದರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಆಚೆಗೆ ಕೃಷ್ಣಗಿರಿಯ ಕಡೆ ಸೇರಿ ಮತ್ತೆ ನೂರಕ್ಕೂ ಮೇಲೆ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಹೆಣ ಬಿದ್ದದ್ದು ಮೆಥನಾಲ್ ಎಂಬ ವಿಷದಿಂದ. ಹೆಚ್ಚಿನವರು ಕೂಲಿ ಮಾಡಿ ಉಣ್ಣುವವರು.

ಹಣ್ಣಿನ ಕೊಳೆಯಲ್ಲಿ ಮೆಥನಾಲ್ ಹುಟ್ಟುವುದು ಅಲ್ಪ, ನಿಜ. ಇಂಥ ಸಾವುಗಳ ಹಿಂದೆ ಇರುವುದು ಸಾಮಾನ್ಯವಾಗಿ ಕಾರ್ಖಾನೆಯ ಮೆಥನಾಲ್. ಆದರೆ ನಿನ್ನ ಬಾಟಲಿಗೂ ಆ ಬಾಟಲಿಗೂ ಕಣ್ಣಿಗೆ ವ್ಯತ್ಯಾಸವಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಇವತ್ತು ಭಾವನಿಗೆ ಒಂದು ಕೊಡುತ್ತೀಯ, ನಾಳೆ ಮದುವೆಮನೆಯಿಂದ ಐದು ಬೇಕೆಂದು ಬರುತ್ತಾರೆ. ಸಾಲದೆ ಬಂದಾಗ ಎಲ್ಲಿಂದಲೋ ತಂದು ಬೆರೆಸುವವನೊಬ್ಬ ಸೇರಿಕೊಳ್ಳುತ್ತಾನೆ. ಅದನ್ನು ಪರೀಕ್ಷೆ ಮಾಡುವವರು ಯಾರು? ಇನ್ನು ಹಂಡೆಯ ಸಂದಿಯಿಂದ ಸೋರಿದ ಆವಿ ಒಲೆಯ ಬೆಂಕಿಗೆ ತಗುಲಿದರೆ ಭಗ್ಗೆನ್ನುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಮರೆಯಬೇಡ.

ಹಣ್ಣು ಹಾಳಾಗುತ್ತದೆಂಬ ಸಂಕಟವಿದ್ದರೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ವಿಚಾರಿಸು. ಹಿಂಡಿದ ರಸಕ್ಕೆ ಅನ್ನದ ಗಂಜಿ ಬೆರೆಸಿಟ್ಟರೆ ಒಗರು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದು ಕೂಡಲೇ ಸಕ್ಕರೆ ಹಾಕಿ ಕಾಯಿಸಿದರೆ ಶರಬತ್ತಿಗೆ ಬರುತ್ತದೆ.

ಇನ್ನೊಂದು ಮಾತು. ಊರಿನಲ್ಲಿ ಯಾರಾದರೂ ಕಳ್ಳಭಟ್ಟಿ ಕುಡಿದು ಕಣ್ಣು ಮಂಜಾಗಿದೆ, ಹೊಟ್ಟೆ ಹಿಂಡುತ್ತಿದೆ ಎಂದರೆ ‘ನಿದ್ದೆ ಮಾಡಿದರೆ ಇಳಿಯುತ್ತದೆ’ ಎಂದು ಮಲಗಿಸಬೇಡ. ಮೆಥನಾಲ್ ವಿಷ ಏರುವುದಕ್ಕೆ ಒಂದು ದಿನವೂ ಹಿಡಿಯಬಹುದು. ಪೊಲೀಸರಿಗೆ ಹೆದರಿ ಮುಚ್ಚಿಡದೆ ದೊಡ್ಡಾಸ್ಪತ್ರೆಗೆ ಸಾಗಿಸು, ಏನು ಕುಡಿದದ್ದೆಂದು ಡಾಕ್ಟರರಿಗೆ ಇದ್ದದ್ದು ಇದ್ದಂತೆ ಹೇಳು. ಬೇಗ ಹೋದರೆ ಅದಕ್ಕೆ ಮದ್ದಿದೆ.